ಆ ವಿಮಾನದಲ್ಲಿ ಎಂಟು ಜನ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನನ್ನ ಮಾತು ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ, 1943ರ ಡಿಸೆಂಬರ್ 2ರ ರಾತ್ರಿ ಬರ್ಲಿನ್ ದಾಳಿಗೆ ಹೋಗಿ ವಾಪಸ್ ಬಾರದ ಒಂದು ಲ್ಯಾಂಕ್ಯಾಸ್ಟರ್ ಬಾಂಬರ್, ಅಂದರೆ ಬ್ರಿಟಿಷರ ಬಾಂಬು ಹಾಕುವ ವಿಮಾನ, ಇದೆ. ಅದರಲ್ಲಿ ಎಂಟು ಜನ ಇದ್ದರು. ಒಬ್ಬರಲ್ಲ, ಎಂಟು.

ಎಲ್ಲರಿಗೂ ಗೊತ್ತಿರುವ ಆ ಒಬ್ಬರು ನೂರ್ದಾಲ್ ಗ್ರೀಗ್, ನಾರ್ವೆಯ ಕವಿ. ಊರು ಬರ್ಗನ್. ಅವರನ್ನು ಬಾಂಬರ್ ಸಿಬ್ಬಂದಿ ಅಂತ ಬರೆಯುವವರಿದ್ದಾರೆ. ಅಲ್ಲ ಸ್ವಾಮಿ! ಅವರು ಯುದ್ಧ ವರದಿಗಾರರಾಗಿ ಹೋದವರು. ವಿಮಾನ ಹಾರಿಸಿದವರು, ಗುಂಡು ಹೊಡೆದವರು ಉಳಿದ ಏಳು ಜನ.

ಗ್ರೀಗ್ ಎಂಥವರು ಅಂತ ತಿಳಿಯಬೇಕಾದರೆ ಚಿನ್ನದ ಕಥೆ ಕೇಳಬೇಕು. 1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ನಾರ್ವೆಗೆ ನುಗ್ಗಿತು. ಓಸ್ಲೋದ ಬ್ಯಾಂಕಿನಲ್ಲಿ ದೇಶದ ಚಿನ್ನ, ಸುಮಾರು 50 ಟನ್. ಅವತ್ತೇ ಲಾರಿಗಳಿಗೆ ತುಂಬಿ ಲಿಲ್ಲೆಹಾಮರ್ ಊರಿಗೆ ಸಾಗಿಸಿದರು. ಅಲ್ಲಿಂದ ರೈಲು, ಮತ್ತೆ ಲಾರಿ. ಕಾವಲಿಗಿದ್ದ ಸೈನಿಕರಲ್ಲಿ ನಮ್ಮ ಕವಿಯೂ ಒಬ್ಬರು. ಮೊಲ್ಡೆ ಎಂಬ ಸಣ್ಣ ಬಂದರಿಗೆ ಬಂದರೆ ಮೇಲಿಂದ ಬಾಂಬು, ಊರಿಗೇ ಬೆಂಕಿ. ಬ್ರಿಟಿಷ್ ಯುದ್ಧನೌಕೆಯೊಂದು ರಾಜನನ್ನೂ ಒಂದಷ್ಟು ಚಿನ್ನವನ್ನೂ ಹತ್ತಿಸಿಕೊಂಡು ಹೊರಟೇಬಿಟ್ಟಿತು. ಮಿಕ್ಕಿದ್ದನ್ನು ಏನು ಮಾಡುವುದು? ಮೀನುಗಾರರ ದೋಣಿಗಳಿಗೆ ಹಾಕಿದರು! ಪೆಟ್ಟಿಗೆ, ಪೀಪಾಯಿ ಎಲ್ಲ ಹೊತ್ತು ಹಾಕಿ, ಕರಾವಳಿಯುದ್ದಕ್ಕೂ ಉತ್ತರದ ಟ್ರೋಮ್ಸೊವರೆಗೆ. ಕೊನೆಗೆ ಲೆಕ್ಕ ಹಾಕಿದಾಗ ಕಮ್ಮಿ ಬಿದ್ದದ್ದು 297 ನಾಣ್ಯ. ಅಷ್ಟೇ! ಈ ಕಥೆ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಟ್ರೋಮ್ಸೊದಲ್ಲಿ, ಮೇ 17ರಂದು, ಅಂದರೆ ನಾರ್ವೆಯ ರಾಷ್ಟ್ರೀಯ ದಿನದಂದು, ಗ್ರೀಗ್ ತಮ್ಮ ಕವಿತೆಯನ್ನು ರೇಡಿಯೋದಲ್ಲಿ ಓದಿದರು. ದೇಶದ ದೊಡ್ಡ ಭಾಗ ಆಗಲೇ ಶತ್ರುವಿನ ಕೈಲಿತ್ತು. ಆಮೇಲೆ ಅವರು ಬ್ರಿಟನ್ ಸೇರಿದರು.

ಸಮಯ ಆಗುತ್ತಾ ಬಂತು, ಬರ್ಲಿನ್‌ಗೆ ಬರೋಣ. ಆ ರಾತ್ರಿ ನಾಲ್ಕು ಜನ ವರದಿಗಾರರು ಬೇರೆ ಬೇರೆ ವಿಮಾನ ಹತ್ತಿದ್ದರು. ಸುರಕ್ಷಿತವಾಗಿ ವಾಪಸ್ ಬಂದವರು ಅಮೆರಿಕದ ಎಡ್ ಮರೋ ಒಬ್ಬರೇ. ಕೆಳಗೆ ಬೆಂಕಿ ಬಾಂಬುಗಳು ಕಪ್ಪು ಮಖಮಲ್ಲಿನ ಮೇಲೆ ಹಿಡಿ ಬಿಳಿ ಅಕ್ಕಿ ಎರಚಿದ ಹಾಗೆ ಕಂಡವು ಅಂತ ಮಾರನೇ ದಿನ ರೇಡಿಯೋದಲ್ಲಿ ಹೇಳಿದರು. ಒಬ್ಬರು ಸೆರೆ ಸಿಕ್ಕರು. ಗ್ರೀಗ್ ಮತ್ತು ಆಸ್ಟ್ರೇಲಿಯಾದ ನಾರ್ಮನ್ ಸ್ಟಾಕ್ಟನ್ ಸತ್ತರು. ಇಬ್ಬರೂ ಹೋಗಿದ್ದು ಇಂಗ್ಲೆಂಡಿನ ಬಿನ್‌ಬ್ರೂಕ್‌ನಿಂದ, ಆಸ್ಟ್ರೇಲಿಯಾ ವಾಯುಪಡೆಯ 460ನೇ ದಳದ ವಿಮಾನಗಳಲ್ಲಿ. ದಾಳಿಗೆ ಹೋದವುಗಳಲ್ಲಿ ಒಟ್ಟು 40 ಬಾಂಬರ್‌ಗಳು ಅವತ್ತು ನಾಶವಾದವು.

ಗ್ರೀಗ್ ಹೆಸರಲ್ಲಿ ಬರ್ಗನ್‌ನಲ್ಲಿ ಶಾಲೆ ಇದೆ, ಪ್ರತಿಮೆ ಇದೆ. ಬರ್ಲಿನ್ ಪಕ್ಕದ ಕ್ಲೈನ್‌ಮಾಖ್ನೋದಲ್ಲಿ ಸ್ಮಾರಕದ ಕಲ್ಲಿದೆ. ಒಳ್ಳೆಯದೇ. ಆದರೆ ಜೊತೆಗಿದ್ದವರು? ಪೈಲಟ್, ಎಂಜಿನಿಯರ್, ದಾರಿ ಲೆಕ್ಕ ಹಾಕುವವನು, ಬಾಂಬು ಬಿಡುವವನು, ವೈರ್‌ಲೆಸ್ ಆಪರೇಟರ್, ಮೇಲೊಬ್ಬ ಬಂದೂಕುದಾರ, ಬಾಲದಲ್ಲೊಬ್ಬ. ಆ ಬಾಲದವನನ್ನು ಸ್ವಲ್ಪ ನೆನೆಸಿಕೊಳ್ಳಿ. ವಿಮಾನ ಮುಂದೆ ಹೋಗುತ್ತಿದ್ದರೆ ಇವನು ಹಿಂದಕ್ಕೆ ಮುಖ ಮಾಡಿ ಗಂಟೆಗಟ್ಟಲೆ ಒಬ್ಬನೇ ಕೂತಿರಬೇಕು. ಮೈ ಬಿಸಿಗೆ ಕರೆಂಟಿನ ಬಟ್ಟೆ. ಕತ್ತಲಲ್ಲಿ ಚೆನ್ನಾಗಿ ಕಾಣಲಿ ಅಂತ ಎಷ್ಟೋ ಜನ ಎದುರಿನ ಪಾರದರ್ಶಕ ಹಾಳೆಯನ್ನೇ ತೆಗೆಸಿಬಿಡುತ್ತಿದ್ದರು. ಆ ಚಳಿಯಲ್ಲಿ!

ಅದಕ್ಕೇ ಮತ್ತೆ ಹೇಳುತ್ತೇನೆ, ಎಂಟು ಜನ. ಆ ದಳದಲ್ಲಿ ಸತ್ತವರು ಸಾವಿರಕ್ಕೂ ಜಾಸ್ತಿ. ಅದೇ ದಳದ ಇನ್ನೊಂದು ಲ್ಯಾಂಕ್ಯಾಸ್ಟರ್, 'ಜಿ ಫಾರ್ ಜಾರ್ಜ್', 90 ದಾಳಿ ಮುಗಿಸಿ ಉಳಿದುಕೊಂಡು ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಸಂಗ್ರಹದಲ್ಲಿದೆ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಆಸ್ಟ್ರೇಲಿಯಾದಲ್ಲಿದ್ದರೆ, ಅದು ಪ್ರದರ್ಶನದಲ್ಲಿರುವಾಗ ನೋಡಿ ಬರಲು ಹೇಳಿ. ಮೂತಿಯ ಮುಂದೆ ಫೋಟೋ ತೆಗೆಸಿಕೊಂಡು ಬಂದುಬಿಡುವುದಲ್ಲ. ಬಾಲದ ಕಡೆಗೂ ಹೋಗಿ, ಆ ಗೂಡಿನಲ್ಲಿ ಒಬ್ಬ ಮನುಷ್ಯ ಹೇಗೆ ಕೂರುತ್ತಿದ್ದ ಅಂತ ನೋಡಲಿ. ನಮಸ್ಕಾರ.