ಯಾವೂರು ನಿಮ್ಮದು? ಕ್ಯಾನ್ಸರ್ ಮತ್ತು ಲಸಿಕೆಯ ಲೆಕ್ಕ ಶುರುವಾಗುವ ಪ್ರಶ್ನೆ

(ದೃಶ್ಯ: ದಾವಣಗೆರೆ ರೈಲು ನಿಲ್ದಾಣ, ಬೆಳಗಿನ ಜಾವ. ಬೆಂಗಳೂರಿಗೆ ಹೊರಟವರು. ಕೆಲವರ ಕೈಯಲ್ಲಿ ಸ್ಕ್ಯಾನಿಂಗ್ ಕವರ್, ಬುತ್ತಿ ಗಂಟು.)

ನಮಸ್ಕಾರ. ಈ ರೈಲಿಗೆ ಕಾಯುವವರಲ್ಲಿ ದೊಡ್ಡ ಕವರ್ ಹಿಡಿದು ಸುಮ್ಮನೆ ಕೂತವರನ್ನು ನೋಡಿರುತ್ತೀರಿ. ಹೋದ ವರ್ಷ ಅವರ ಜೊತೆ ನಾನೂ ಕೂತಿದ್ದೆ. ಪಕ್ಕದಲ್ಲಿ ನಮ್ಮ ದೊಡ್ಡಮ್ಮ. ಅವರದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಎದೆಯಲ್ಲಿ ಗಂಟು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಫಾರಂ ತುಂಬಿದವನು ನಾನು. ವಿಳಾಸ ಅಂತ ಇದ್ದ ಕಡೆ ರಾಜಾಜಿನಗರದ ಅಣ್ಣನ ಮನೆ ವಿಳಾಸ ಬರೆದೆ. ಏನಾದರೂ ಪತ್ರ ಬಂದರೆ ಬೇಗ ಸಿಗಲಿ ಅಂತ. ಇದರಿಂದ ದೊಡ್ಡಮ್ಮನಿಗೆ ಏನೂ ತೊಂದರೆ ಆಗಲಿಲ್ಲ. ಚಿಕಿತ್ಸೆ ಸಿಕ್ಕಿತು. ಆದರೆ ಜಗಳೂರಿನ ಒಂದು ಕ್ಯಾನ್ಸರ್ ನನ್ನ ಪೆನ್ನಿನಿಂದ ರಾಜಾಜಿನಗರಕ್ಕೆ ಸೇರಿಹೋಯಿತು!

ಅದರಿಂದ ಏನಾಯಿತು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಇವತ್ತಿನ ವಿಡಿಯೋ ಅದರ ಬಗ್ಗೆ.

(ಪರದೆ ಮೇಲೆ: ಒಂದು ಗೆರೆ. ಮೇಲೆ "ರೋಗ ಬಂದವರು", ಕೆಳಗೆ "ಊರಿನ ಜನ".)

ರೋಗದ ಯಾವ ಲೆಕ್ಕ ತಗೊಂಡರೂ ಕೊನೆಗೆ ಸಿಗುವುದು ಈ ಗೆರೆ. ಮೇಲಿನ ಅಂಕಿ, ಕೆಳಗಿನ ಅಂಕಿ. ಎರಡೂ ಒಂದೇ ಊರಿನದಾಗಿರಬೇಕು, ಇಲ್ಲದಿದ್ದರೆ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಆಸ್ಪತ್ರೆಯವರು "ನಮ್ಮಲ್ಲಿ ಇಷ್ಟು ರೋಗಿಗಳು" ಅನ್ನಬಹುದು, ಆದರೆ ಅವರು ಹತ್ತಾರು ಜಿಲ್ಲೆಗಳಿಂದ ಬಂದವರು. ಅದಕ್ಕೇ ಕ್ಯಾನ್ಸರ್ ನೋಂದಣಿ ಅಂತ ಬೇರೆಯೇ ಒಂದು ವ್ಯವಸ್ಥೆ ಇದೆ. ಒಂದು ಪ್ರದೇಶ ಗುರುತು ಮಾಡಿಕೊಳ್ಳುತ್ತಾರೆ. ಅಲ್ಲಿ ಕನಿಷ್ಠ ಒಂದು ವರ್ಷದಿಂದ ವಾಸವಿರುವ ಯಾರಿಗೇ ಕ್ಯಾನ್ಸರ್ ಬಂದರೂ, ಅವರು ಎಲ್ಲೇ ಚಿಕಿತ್ಸೆ ಪಡೆದರೂ, ಹುಡುಕಿ ಬರೆದುಕೊಳ್ಳುತ್ತಾರೆ.

ಹುಡುಕುವುದು ಅಂದರೆ ನಿಜವಾಗಲೂ ಹುಡುಕುವುದೇ. ಆಸ್ಪತ್ರೆಗಳ ರೆಕಾರ್ಡ್ ರೂಮು, ಬಯಾಪ್ಸಿ ಮಾಡುವ ಲ್ಯಾಬು, ಮರಣ ನೋಂದಣಿ ಪುಸ್ತಕ, ಎಲ್ಲ ಕಡೆ ನೋಂದಣಿ ಸಿಬ್ಬಂದಿ ಸುತ್ತುತ್ತಾರೆ. ಒಬ್ಬರೇ ರೋಗಿ ಮೂರು ಕಡೆ ಸಿಗುತ್ತಾರೆ. ಒಂದು ಕಡೆ ಬಸಮ್ಮ, ಇನ್ನೊಂದು ಕಡೆ ಬಸವ್ವ, ಮತ್ತೊಂದು ಕಡೆ ಬಸವರಾಜಪ್ಪನ ತಾಯಿ. ವಯಸ್ಸು ಒಂದರಲ್ಲಿ 55, ಇನ್ನೊಂದರಲ್ಲಿ 60. ಮೂವರೂ ಒಬ್ಬರೇ ಅಂತ ತೀರ್ಮಾನ ಮಾಡಬೇಕು. ಇದಾದ ಮೇಲೆ ಕಾಯಿಲೆಗೆ ಜಗತ್ತೆಲ್ಲ ಒಪ್ಪಿದ ಸಂಕೇತ ಹಾಕುತ್ತಾರೆ. ಸ್ತನ ಕ್ಯಾನ್ಸರ್‌ಗೆ ಸಿ 50, ಗರ್ಭಕಂಠದ ಕ್ಯಾನ್ಸರ್‌ಗೆ ಸಿ 53. ಹೀಗಾಗಿ ದೊಡ್ಡಮ್ಮನ ಗಂಟಿಗೂ ಡೆನ್ಮಾರ್ಕಿನ ಯಾವುದೋ ಅಜ್ಜಿಯ ಗಂಟಿಗೂ ಒಂದೇ ಹೆಸರು.

ಭಾರತದಲ್ಲಿ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿ ಬೆಂಗಳೂರು, ಮುಂಬೈ, ಚೆನ್ನೈ ಲೆಕ್ಕಗಳು 1982ರಿಂದ ಸಿಗುತ್ತವೆ. ಬೆಂಗಳೂರಿನದನ್ನು ನಡೆಸುವುದು ಕಿದ್ವಾಯಿ ಸಂಸ್ಥೆ. 2020ರ ವರದಿಯಲ್ಲಿ ಇಂಥ 28 ನೋಂದಣಿಗಳ ಅಂಕಿ ಇದೆ. ದೇಶದ ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು. ಆ 28ರಲ್ಲಿ ಕರ್ನಾಟಕದ್ದು ಒಂದೇ, ಬೆಂಗಳೂರು. ದಾವಣಗೆರೆ, ಚಿತ್ರದುರ್ಗ ಇಲ್ಲ.

ಹಾಗಾದರೆ ನಮ್ಮ ಲೆಕ್ಕ ಎಲ್ಲಿಂದ ಬರುತ್ತದೆ? ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ, 1965ರಿಂದ. ಗ್ಲೋಬೋಕ್ಯಾನ್ ಅಂತ ಇಡೀ ಜಗತ್ತಿನ ಅಂದಾಜು ಹೊರತರುವವರು ಅವರು. 2022ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ ಹೊಸ ಕ್ಯಾನ್ಸರ್, 97 ಲಕ್ಷ ಸಾವು. ಭಾರತದಲ್ಲಿ 14 ಲಕ್ಷಕ್ಕೂ ಜಾಸ್ತಿ ಹೊಸ ರೋಗಿಗಳು. ಆ 14 ಲಕ್ಷದಲ್ಲಿ ನಾವೂ ಇದ್ದೇವೆ, ಅಂದಾಜಿನ ರೂಪದಲ್ಲಿ. ನೋಂದಣಿ ಇರುವ ಕಡೆಯ ಪ್ರಮಾಣವನ್ನು ಇಲ್ಲದ ಕಡೆಗೂ ಹಚ್ಚಿ ಲೆಕ್ಕ ಹಾಕುತ್ತಾರೆ. ಪಕ್ಕದ ಹೊಲದ ಇಳುವರಿ ನೋಡಿ ನಮ್ಮ ಹೊಲದ ಬೆಳೆ ಅಂದಾಜು ಮಾಡಿದ ಹಾಗೆ. ಆ ಪಕ್ಕದ ಹೊಲದ ರಾಶಿಗೆ ನಾನು ನಮ್ಮ ಹೊಲದ ಒಂದು ಸೇರು ಸುರಿದು ಬಂದಿದ್ದೆ.

ಇನ್ನು ಗೆರೆಯ ಕೆಳಗಿನ ಅಂಕಿ ನೋಡೋಣ. 2011ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಗೆ 19 ಲಕ್ಷ 45 ಸಾವಿರ ಜನ. ಆದರೆ ಅದರಲ್ಲಿ ಹರಪನಹಳ್ಳಿಯೂ ಸೇರಿತ್ತು. 2018ರಲ್ಲಿ ಅದು ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಹೆಚ್ಚುಕಮ್ಮಿ 3 ಲಕ್ಷ ಜನ ಮನೆ ಬಿಟ್ಟು ಕದಲದೆ ಜಿಲ್ಲೆ ಬದಲಿಸಿದರು! ನಾವೇ 1997ರವರೆಗೆ ಚಿತ್ರದುರ್ಗ ಜಿಲ್ಲೆಯವರು. 2021ರಲ್ಲಿ ಆಗಬೇಕಿದ್ದ ಜನಗಣತಿ ಬೇರೆ ಮುಂದಕ್ಕೆ ಹೋಯಿತು. ಹತ್ತು ವರ್ಷದಲ್ಲಿ ರೋಗ ಏರಿತೋ ಇಳಿಯಿತೋ ಅಂತ ಹೇಳುವ ಮೊದಲು ಯಾವ ದಾವಣಗೆರೆ ಅಂತ ಕೇಳಬೇಕು.

ವಯಸ್ಸಿನದು ಇನ್ನೊಂದು ತಕರಾರು.

(ಪರದೆ ಮೇಲೆ: ಎಡಕ್ಕೆ ಹಳ್ಳಿಯ ಕಟ್ಟೆ, ಅಜ್ಜ ಅಜ್ಜಿಯರು. ಬಲಕ್ಕೆ ವಿದ್ಯಾನಗರದ ಹಾಸ್ಟೆಲ್, ಕಾಲೇಜು ಹುಡುಗರು.)

ಎರಡೂ ಕಡೆ ಸಾವಿರ ಸಾವಿರ ಜನ ಅಂತ ಇಟ್ಟುಕೊಳ್ಳಿ. ಹಳ್ಳಿಯ ಹುಡುಗರೆಲ್ಲ ಬೆಂಗಳೂರು ಸೇರಿ, ಅರವತ್ತು ದಾಟಿದವರು 300 ಜನ ಉಳಿದಿದ್ದಾರೆ. ವಿದ್ಯಾನಗರದಲ್ಲಿ ಅಂಥವರು 100. ಅರವತ್ತು ದಾಟಿದ ನೂರು ಜನರಲ್ಲಿ ವರ್ಷಕ್ಕೆ ಒಬ್ಬರಿಗೆ ಕ್ಯಾನ್ಸರ್ ಅಂತ ಸುಮ್ನೆ ಒಂದು ಲೆಕ್ಕ ಹಿಡಿಯಿರಿ. ಹಳ್ಳಿಯಲ್ಲಿ ಮೂವರು, ವಿದ್ಯಾನಗರದಲ್ಲಿ ಒಬ್ಬರು. ಹಳ್ಳಿಯ ನೀರೇ ಸರಿಯಿಲ್ಲ ಅಂತ ಯಾರೋ ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ನೀರಿನ ತಪ್ಪೇನೂ ಇಲ್ಲ, ಅಲ್ಲಿ ವಯಸ್ಸಾದವರು ಜಾಸ್ತಿ ಅಷ್ಟೇ. ಈ ಮೋಸ ತಪ್ಪಿಸಲು ಎಲ್ಲ ದೇಶಗಳ ಲೆಕ್ಕವನ್ನೂ ಒಂದೇ ಮಾದರಿ ವಯಸ್ಸಿನ ಜನಸಂಖ್ಯೆಗೆ ಹೊಂದಿಸಿ ಹೋಲಿಸುತ್ತಾರೆ. ಹಾಗೆ ಹೊಂದಿಸಿದ ಮೇಲೂ ಮಿಜೋರಾಂನ ಐಜ್ವಾಲ್ ಜಿಲ್ಲೆಯ ಗಂಡಸರಲ್ಲಿ 1 ಲಕ್ಷಕ್ಕೆ 269. ಆ 28 ನೋಂದಣಿಗಳಲ್ಲಿ ಗಂಡಸರ ಮಟ್ಟಿಗೆ ಅದೇ ಎಲ್ಲಕ್ಕಿಂತ ಮೇಲೆ. ಅದು ವಯಸ್ಸಿನ ಆಟವಲ್ಲ, ಕಾರಣ ಹುಡುಕಲೇಬೇಕಾದ ಅಂಕಿ.

ಚನ್ನಗಿರಿಯವರು ಬೇಜಾರು ಮಾಡಿಕೊಳ್ಳಬೇಡಿ, ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ (ಕ್ಯಾನ್ಸರ್ ತರುವುದು ಖಚಿತ ಅನ್ನುವ ಗುಂಪು) ಸೇರಿಸಿದವರೂ ಇದೇ ಲಿಯೋನ್‌ನವರು. ಅದರ ಜಗಳ ದೊಡ್ಡದು, ಇನ್ನೊಂದು ದಿನ ಆಡೋಣ.

(ದೃಶ್ಯ: ಹಳ್ಳಿಯ ಅಂಗನವಾಡಿ. ಲಸಿಕೆ ದಿನ. ಮಕ್ಕಳ ಅಳು. ತಾಯಿ ಕಾರ್ಡ್ ಮೇಲೆ ದಿನಾಂಕ ಬರೆಯುವ ಕೈ.)

ಈಗ ಮಕ್ಕಳ ಕಡೆ ಬರೋಣ. ಇಲ್ಲೂ ಪ್ರಶ್ನೆ ಅದೇ. ಈ ಮಗು ಯಾವೂರಿನದು?

ಹರಿಹರದ ಸೊಸೆ ಬಾಣಂತನಕ್ಕೆ ಜಗಳೂರಿನ ತವರಿಗೆ ಬರುತ್ತಾಳೆ. ಆರು ವಾರದ ಚುಚ್ಚುಮದ್ದು ತವರಲ್ಲಿ, ಹತ್ತನೇ ವಾರದ್ದೂ ತವರಲ್ಲೇ. ಮೂರು ತಿಂಗಳು ತುಂಬಿದ ಕೂಡಲೇ ಗಂಡನ ಮನೆಗೆ ಹೋಗುತ್ತಾಳೆ. ಹದಿನಾಲ್ಕನೇ ವಾರದ್ದು ಆಯಿತಾ, ಎಲ್ಲಿ ಆಯಿತು? ತವರಿನ ಆಶಾ ಕಾರ್ಯಕರ್ತೆ "ಅಲ್ಲಿ ಹಾಕಿಸ್ತಾರೆ ಬಿಡು" ಅಂದುಕೊಳ್ಳುತ್ತಾರೆ. ಅಲ್ಲಿಯವರು "ಅವರಮ್ಮನ ಮನ್ಯಾಗ ಹಾಕ್ಸಿರ್ತಾರ" ಅಂದುಕೊಳ್ಳುತ್ತಾರೆ. ತವರಿನ ಹಳ್ಳಿಯ ಪಟ್ಟಿಯಲ್ಲಿ 40 ಮಕ್ಕಳು, ಲಸಿಕೆ ಹಾಕಿದ್ದು 44 ಮಕ್ಕಳಿಗೆ. ನೂರಕ್ಕೆ ನೂರಾಹತ್ತು! ಇಂಥ ಅಂಕಿ ಜಗತ್ತಿನ ಎಷ್ಟೋ ದೇಶಗಳ ಸರ್ಕಾರಿ ವರದಿಯಲ್ಲಿ ಕಾಣುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ವರದಿಯನ್ನು ಮಾತ್ರ ನಂಬುವುದಿಲ್ಲ. ಮನೆ ಮನೆ ಸಮೀಕ್ಷೆಯ ಫಲಿತಾಂಶವನ್ನೂ ಪಕ್ಕಕ್ಕೆ ಇಟ್ಟು ನೋಡುತ್ತವೆ. ಸಮೀಕ್ಷೆಯವರು ಮೊದಲು ಕೇಳುವುದು ತಾಯಿ ಕಾರ್ಡ್. ಕಾರ್ಡ್ ಕಳೆದಿದ್ದರೆ ತಾಯಿಯ ನೆನಪೇ ಗತಿ.

ಹೀಗೆ ತೂಗಿ ನೋಡಿದ ಅಂಕಿ: 2024ರಲ್ಲಿ ಜಗತ್ತಿನಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆಯ ಒಂದು ಡೋಸೂ ಸಿಗದ ಮಕ್ಕಳು 1 ಕೋಟಿ 43 ಲಕ್ಷ.

ದಡಾರದ ಕಥೆ ಬೇರೆ. ಮೈಮೇಲೆ ಕೆಂಪು ಗುಳ್ಳೆ ಎದ್ದರೆ ನಮ್ಮ ಕಡೆ "ಅಮ್ಮ ಬಂದಿದಾಳೆ" ಅನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಡಾಕ್ಟರ ಹತ್ತಿರ ಹೋಗುವುದಿಲ್ಲ. ನಮ್ಮಜ್ಜಿಯೂ ಹಾಗೇ. ಭಕ್ತಿಗೆ ನನ್ನ ಆಕ್ಷೇಪ ಇಲ್ಲ. ಆದರೆ ಜ್ವರ ಮತ್ತು ಗುಳ್ಳೆ ಇರುವ ಮಗುವಿನ ರಕ್ತ ಲ್ಯಾಬಿಗೆ ಹೋಗದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಲಸಿಕೆ ಇಲ್ಲದ ಊರಲ್ಲಿ ದಡಾರದ ಒಂದು ಮಗು 12ರಿಂದ 18 ಜನಕ್ಕೆ ಅಂಟಿಸಬಲ್ಲದು. ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು ಅನ್ನುವುದು ಅದಕ್ಕೇ.

(ಪರದೆ ಮೇಲೆ ದೊಡ್ಡದಾಗಿ: 0)

ನನಗೆ ತುಂಬ ಇಷ್ಟವಾದ ಭಾಗ ಇದು. ಭಾರತದ ಕೊನೆಯ ಕಾಡು ಪೋಲಿಯೋ (ಅಂದರೆ ಸಹಜವಾಗಿ ಹರಡುವ ವೈರಸ್‌ನಿಂದ ಬರುವ ಪೋಲಿಯೋ) ಪ್ರಕರಣ 2011ರ ಜನವರಿ 13ರದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ಕ್ಕೆ ಪೋಲಿಯೋಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ನಡುವೆ ಮೂರು ವರ್ಷ ಏನು ಮಾಡಿದರು? ಇಲ್ಲದ್ದನ್ನು ಹುಡುಕಿದರು.

15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತುಹೋದರೂ ವರದಿ ಮಾಡಬೇಕು. 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ, ಅದೂ 14 ದಿನದೊಳಗೆ, ತಂಪು ಡಬ್ಬಿಯಲ್ಲಿ ಲ್ಯಾಬಿಗೆ. ಪೋಲಿಯೋ ಇಲ್ಲದಿದ್ದರೂ ಬೇರೆ ಕಾರಣಕ್ಕೆ ಕೆಲವು ಮಕ್ಕಳ ಕಾಲು ಸೋಲುತ್ತದೆ. ಭಾರತ ಇಟ್ಟುಕೊಂಡ ಗುರಿ 1 ಲಕ್ಷ ಮಕ್ಕಳಿಗೆ ವರ್ಷಕ್ಕೆ ಅಂಥ 2 ಪ್ರಕರಣ ಸಿಗಲೇಬೇಕು ಅಂತ. ನಮ್ಮ ಜಿಲ್ಲೆಯಲ್ಲಿ ಆ ವಯಸ್ಸಿನ 4 ಲಕ್ಷ ಮಕ್ಕಳಿದ್ದಾರೆ ಅಂತ ಇಟ್ಟುಕೊಂಡರೆ ವರ್ಷಕ್ಕೆ 8 ಸಿಗಬೇಕು. ಒಂದೂ ಸಿಗಲಿಲ್ಲ ಅಂದರೆ ಯಾರೂ ಶಭಾಷ್ ಅನ್ನುವುದಿಲ್ಲ. ಹುಡುಕಲಿಲ್ಲ ಅಂತ ಅರ್ಥ. ಪ್ರಕರಣ ಇಲ್ಲದ ವಾರವೂ "ಇಲ್ಲ" ಅಂತ ಬರೆದು ಕಳಿಸಬೇಕು. ಖಾಲಿ ಬಿಟ್ಟ ಕಾಲಂ ಬೇರೆ, ಬರೆದ ಸೊನ್ನೆ ಬೇರೆ.

ಕ್ಯಾನ್ಸರ್ ಭೂಪಟದಲ್ಲಿ ನಮ್ಮ ಜಿಲ್ಲೆ ಖಾಲಿ ಬಿಟ್ಟ ಕಾಲಂ.

ಲಸಿಕೆ ಪುಸ್ತಕ, ಕ್ಯಾನ್ಸರ್ ಪುಸ್ತಕ ಎರಡನ್ನೂ ಒಂದೇ ವಿಡಿಯೋಗೆ ಯಾಕೆ ತಂದೆ ಅಂತ ಕೇಳಬಹುದು. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕುತ್ತಾರಲ್ಲ, ಅದು ಯಕೃತ್ತಿನ ಕ್ಯಾನ್ಸರನ್ನೂ ತಡೆಯುತ್ತದೆ. ತೈವಾನ್ 1984ರಲ್ಲಿ ಮಕ್ಕಳಿಗೆ ಹಾಕಲು ಶುರು ಮಾಡಿತು. ಹತ್ತೇ ವರ್ಷದಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿದದ್ದು ಅಲ್ಲಿನ ಕ್ಯಾನ್ಸರ್ ನೋಂದಣಿಯಲ್ಲಿ ಕಂಡಿತು. ಇಂಗ್ಲೆಂಡಿನಲ್ಲಿ 12-13ನೇ ವಯಸ್ಸಿಗೆ, ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸನ್ನು ತಡೆಯುವ ಎಚ್‌ಪಿವಿ ಲಸಿಕೆ ಸಿಕ್ಕ ಹುಡುಗಿಯರ ಪೀಳಿಗೆಯಲ್ಲಿ ಗರ್ಭಕಂಠದ ಕ್ಯಾನ್ಸರ್ 87 ಶೇಕಡಾ ಕಮ್ಮಿ, 2021ರ ವರದಿ ಪ್ರಕಾರ. ನಮ್ಮ ದೇಶದಲ್ಲಿ 2022ರಲ್ಲಿ ಈ ಕ್ಯಾನ್ಸರ್ ಬಂದ ಹೆಂಗಸರು ಸುಮಾರು 1 ಲಕ್ಷ 27 ಸಾವಿರ, ಸತ್ತವರು ಹತ್ತಿರ ಹತ್ತಿರ 80 ಸಾವಿರ. ಇಂದು ಜಗಳೂರಿನ ಹುಡುಗಿಗೆ ಹಾಕಿದ ಲಸಿಕೆ ಇಪ್ಪತ್ತು ಮೂವತ್ತು ವರ್ಷದ ಮೇಲೆ ಕೆಲಸ ಮಾಡಿತಾ ಅಂತ ಗೊತ್ತಾಗಬೇಕಾದರೆ, ಆಗ ಅವಳ ಊರಿನ ಹೆಸರು ಇರುವ ಇನ್ನೊಂದು ಪುಸ್ತಕ ಬೇಕು.

(ದೃಶ್ಯ: ಮತ್ತೆ ರೈಲು. ಕಿಟಕಿ ಪಕ್ಕ ದೊಡ್ಡಮ್ಮನ ಕೈ, ಕವರ್ ಮೇಲೆ.)

ಮೂರು ತಿಂಗಳ ಮೇಲೆ ತಪಾಸಣೆಗೆ ಹೋದಾಗ ವಿಳಾಸ ತಿದ್ದಿಸಿದೆ. ಕೌಂಟರ್‌ನಲ್ಲಿದ್ದ ಹುಡುಗಿ ದೊಡ್ಡಮ್ಮನ ಮುಖ ನೋಡಿ, "ಅಮ್ಮಾ, ಯಾವೂರು ನಿಮ್ಮದು?" ಅಂದಳು. ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ದೊಡ್ಡಮ್ಮ ಊರ ಹೆಸರು ಹೇಳಿದರು, ಹೋಬಳಿ ಹೇಳಿದರು, ಬಸ್ ಎಲ್ಲಿ ನಿಲ್ಲುತ್ತದೆ ಅಂತ ಹೇಳಿದರು, ಈ ವರ್ಷ ಮಳೆ ಬಂದಿಲ್ಲ ಅಂತಲೂ ಹೇಳಿದರು. ಆ ಹುಡುಗಿ ಊರ ಹೆಸರಷ್ಟೇ ಟೈಪ್ ಮಾಡಿಕೊಂಡಳು.