ಸೂರ್ಯ ಸಿಡಿದಾಗ ಅವನ ಗಾಳಿಯಲ್ಲಿ ಏನೇನು ಬರುತ್ತದೆ?

[ದೃಶ್ಯ: ಶಿರಸಿ ಹತ್ತಿರದ ಆಲೆಮನೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು]

ಈ ನೊರೆ ನೋಡಿ, ಅಂಚಿನವರೆಗೂ ಬಂದಿದೆ. ಈಗ ಉರಿ ಜಾಸ್ತಿಯಾದರೆ ಬೆಲ್ಲ ಕಪ್ಪಾಗುತ್ತದೆ. ಆರಿದ ಮೇಲೂ ಆ ಕಪ್ಪು ಹೋಗುವುದಿಲ್ಲ. ಆರು ತಿಂಗಳು ಬಿಟ್ಟು ಡಬ್ಬಿಯ ಮುಚ್ಚಳ ತೆಗೆದರೂ, ಅವತ್ತು ಒಲೆ ಹೇಗೆ ಉರಿದಿತ್ತು ಅಂತ ಬಣ್ಣವೇ ಹೇಳುತ್ತದೆ. ಸೂರ್ಯನ ಗಾಳಿ, ಅಂದರೆ ಅವನಿಂದ ಸದಾ ಹೊರಗೆ ಹರಿಯುವ ಕಣಗಳು, ಅದೂ ಹೀಗೇ.

ಆ ಗಾಳಿ ಹೊರಡುವುದು ಕರೋನಾದಿಂದ, ಅಂದರೆ ಸೂರ್ಯನ ಹೊರಗಿನ ಬಿಸಿ ವಾತಾವರಣದಿಂದ. 1980ರ ಫೆಬ್ರವರಿ 16ರಂದು ಅಂಕೋಲಾ ಕಡೆ ಪೂರ್ಣ ಗ್ರಹಣವಾದಾಗ ಕಪ್ಪು ಸೂರ್ಯನ ಸುತ್ತ ಬೆಳ್ಳಗೆ ಹರಡಿದ್ದು ಅದೇ. ಹೊರಗೆ ಬಂದು ನೋಡಿದ ಹಿರಿಯರು ಸಿಕ್ಕರೆ ಕೇಳಿ.

ಮಾಮೂಲಿ ದಿನ ಈ ಗಾಳಿಯಲ್ಲಿ 100 ಪ್ರೋಟಾನ್‌ಗೆ ಹೀಲಿಯಂ ಕಣ ನಾಲ್ಕರ ಆಸುಪಾಸು. ಎಲೆಕ್ಟ್ರಾನ್‌ಗಳಂತೂ ಇದ್ದೇ ಇರುತ್ತವೆ. ಆಮ್ಲಜನಕ, ಕಬ್ಬಿಣ ಎಲ್ಲ ಚಿಟಿಕೆಯಷ್ಟು. ಆದರೆ ಕರೋನಾದ ಒಂದು ದೊಡ್ಡ ಪಾಲೇ ಕಾಂತಕ್ಷೇತ್ರದ ಸಮೇತ ಕಿತ್ತು ಹೊರಗೆ ಹಾರಿದಾಗ, ಅದೇ ಸಿಎಂಇ, ಅಂದರೆ ಕರೋನಲ್ ಮಾಸ್ ಇಜೆಕ್ಷನ್, ಹೀಲಿಯಂ ಎಂಟು ದಾಟುವುದುಂಟು. ಹೀಲಿಯಂ ಭಾರ, ಕೆಳಗೆ ಕೂರುತ್ತದೆ ಅನ್ನುವುದು ಇದಕ್ಕೆ ಕೊಡುವ ಒಂದು ಕಾರಣ. ಜೋನಿ ಬೆಲ್ಲದ ಡಬ್ಬಿಯಲ್ಲಿ ಮೇಲೆ ತೆಳು, ತಳದಲ್ಲಿ ಹರಳು ಹರಳಾಗಿ ಗಟ್ಟಿ ಇರುತ್ತದಲ್ವಾ? ಸುಮ್ನೆ ಬಗ್ಗಿಸಿದರೆ ತೆಳುವೇ ಬರುತ್ತದೆ, ಕವುಚಿ ಹಾಕಿದರೆ ತಳದ್ದೂ ಬಂತು.

ನನಗೆ ಇದಕ್ಕಿಂತ ಇಷ್ಟವಾಗುವುದು ಕಬ್ಬಿಣ. ಅದರ ಪರಮಾಣುವಿನಲ್ಲಿ 26 ಎಲೆಕ್ಟ್ರಾನ್. ಕಾದಷ್ಟೂ ಕಳಚುತ್ತವೆ. ಮಾಮೂಲಿ ಗಾಳಿಯಲ್ಲಿ 9ರಿಂದ 11 ಹೋಗಿರುತ್ತವೆ, ಎಷ್ಟೋ ಸಿಎಂಇಗಳಲ್ಲಿ 16! ಸೂರ್ಯನಿಂದ ಸ್ವಲ್ಪ ದೂರ ಬರುವಷ್ಟರಲ್ಲಿ ಗಾಳಿ ಎಷ್ಟು ತೆಳುವಾಗುತ್ತದೆಂದರೆ ಕಣಕ್ಕೆ ಕಣ ತಾಗುವುದೇ ಅಪರೂಪ, ಹಾಗಾಗಿ ಆ ಹೊತ್ತಿಗೆ ಎಷ್ಟು ಕಳಚಿತ್ತೋ ಅಷ್ಟೇ ಉಳಿಯುತ್ತದೆ, ಕೊಪ್ಪರಿಗೆ ಒಲೆಯಿಂದ ಇಳಿಸಿದ ಹಾಗೆ. ಎರಡು ಮೂರು ದಿನ ಬಿಟ್ಟು ಭೂಮಿ ಹತ್ತಿರ ಬರುವಾಗ ಆ ಮೋಡ ಹಿಗ್ಗಿ ಹಿಗ್ಗಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಕಬ್ಬಿಣ ಮಾತ್ರ ಹಳೇ ಬೆಂಕಿಯನ್ನು ಮರೆತಿರುವುದಿಲ್ಲ. ಮುಟ್ಟಿದರೆ ತಂಪು, ನೋಡಿದರೆ ಕಪ್ಪು ಬೆಲ್ಲ!

[ದೃಶ್ಯ: ಆದಿತ್ಯ-ಎಲ್1 ಚಿತ್ರ]

ಸೂರ್ಯನನ್ನು ನೋಡಲು ಕಳಿಸಿದ ನಮ್ಮ ನೌಕೆ ಆದಿತ್ಯ-ಎಲ್1 ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ, 2024ರ ಜನವರಿ 6ರಿಂದ ಈ ಗಾಳಿಗೆ ಎದುರಾಗಿದೆ. ಅದರಲ್ಲಿರುವ ಆಸ್ಪೆಕ್ಸ್ ಉಪಕರಣ ಪ್ರೋಟಾನ್, ಹೀಲಿಯಂ ಎರಡನ್ನೂ ಬೇರೆ ಬೇರೆ ಅಳೆಯುತ್ತದೆ. ಬಂದದ್ದು ಸಿಎಂಇ ಹೌದೋ ಅಲ್ಲವೋ ತಿಳಿಯಲು ಬರೀ ವೇಗ ನೋಡಿದರೆ ಸಾಲದು, ಯಾಕೆಂದರೆ ಕರೋನಾ ರಂಧ್ರಗಳಿಂದಲೂ, ಅಂದರೆ ಕಾಂತಕ್ಷೇತ್ರ ಹೊರಕ್ಕೆ ತೆರೆದುಕೊಂಡ ಕರೋನಾದ ಜಾಗಗಳಿಂದಲೂ, ಜೋರು ಗಾಳಿ ಬೀಸುತ್ತದೆ. ಆದರೆ ಅದರಲ್ಲಿ ಹೀಲಿಯಂ ನಾಲ್ಕರ ಆಸುಪಾಸಲ್ಲೇ ಇರುತ್ತದೆ.