ನಾಲ್ಕು ಮನೆಯ ನಗು

ರಾಯಚೂರಿನ ಗೆಳೆಯರೇ, ನಮಸ್ಕಾರ.

ನಿಮ್ಮೂರಿನ ಮೇಲೆ ಒಂದು ಹಳೇ ಜೋಕಿದೆ. ಬಳ್ಳಾರಿಯವರು ಅದು ತಮ್ಮದೇ ಅಂತಾರೆ, ಇರಲಿ. 'ಇಲ್ಲಿ ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ.' ಅದನ್ನೇ ತಿರುಗಿಸಿ ಹೇಳಿ ನೋಡಿ. 'ಒಂದು ಕಡು ಬೇಸಿಗೆ, ಇನ್ನೊಂದು ಬೇಸಿಗೆ.' ಹವಾಮಾನ ವರದಿ ಆಯಿತು, ಅಲ್ವಾ?

ಇದನ್ನು ಕಾಮಿಕ್ ಪಟ್ಟಿ ಮಾಡೋಣ. ಪಟ್ಟಿಯ ಒಂದೊಂದು ಚಿತ್ರದ ಚೌಕಟ್ಟಿಗೆ, ಅಂದರೆ ಪ್ಯಾನೆಲ್‌ಗೆ, ನಾನು 'ಮನೆ' ಅನ್ನುತ್ತೇನೆ, ಚೌಕಾಬಾರದ ಮನೆಯ ಹಾಗೆ. ಮೊದಲ ಮನೆ: ಫೆಬ್ರವರಿ ಮಧ್ಯಾಹ್ನ. ವರ್ಗವಾಗಿ ಬಂದ ನೌಕರ ಬೆವರುತ್ತಾ ಚಹಾ ಅಂಗಡಿಯ ಅಜ್ಜನನ್ನು ಕೇಳುತ್ತಾನೆ, "ಅಜ್ಜಾ, ಇಲ್ಲಿ ಬೇಸಿಗೆ ಯಾವಾಗ ಮುಗಿಯುತ್ತೆ?" ಎರಡನೆಯದು: "ಮಾರ್ಚಿಗೆ ಮುಗೀತದ್ರಿ." ಮೂರನೆಯದರಲ್ಲಿ ಮಾತಿಲ್ಲ. ನೌಕರ ಕತ್ತು ಒರೆಸಿಕೊಂಡು, ಉಸ್ಸಪ್ಪಾ ಅಂತ ಬೆಂಚಿಗೆ ಒರಗುತ್ತಾನೆ. ನಾಲ್ಕನೆಯದು: "ಆಮ್ಯಾಲೆ ಕಡು ಬೇಸಿಗಿ."

ಜೋಕು ಹೇಳುವವನು ನಡುವೆ ಒಂದು ಗುಟುಕು ನೀರು ಕುಡಿದು ಕಾಯಿಸಬಹುದು. ಕಾಗದದ ಮೇಲೆ ಓದುಗನನ್ನು ಹಿಡಿದು ನಿಲ್ಲಿಸೋಕೆ ಆಗಲ್ಲ. ಜಾಗ ಕೊಟ್ಟೇ ಹೊತ್ತು ಕೊಡಬೇಕು. ಮೂರನೇ ಮನೆ ಆ ಗುಟುಕು ನೀರು. ಅದನ್ನೇ ಎರಡನೇ ಜಾಗಕ್ಕೆ ತಂದರೆ? ಅಜ್ಜ ಯೋಚನೆ ಮಾಡುತ್ತಿದ್ದಾನೆ ಅನಿಸುತ್ತದೆ. ಆಗ ನಗು ಅಜ್ಜನ ಮೇಲೆ. ಈಗಿರುವ ಜಾಗದಲ್ಲಿ, ನೌಕರನ ಆಸೆಯ ಮೇಲೆ.

ನಮ್ಮ ಭಾಷೆಯದ್ದೂ ಒಂದು ತಂಟೆ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಆಮ್ಯಾಲೆ ಕಡು ಬೇಸಿಗಿ ಶುರು ಆಗ್ತದ್ರಿ" ಅಂದರೆ ತಪ್ಪೇನಿಲ್ಲ. ಆದರೆ ನಗು 'ಬೇಸಿಗಿ'ಯಲ್ಲೇ ಮುಗಿದಿರುತ್ತದೆ, 'ಶುರು ಆಗ್ತದ್ರಿ' ಮದುವೆ ಮುಗಿದ ಮೇಲೆ ಬಂದ ನೆಂಟನ ಹಾಗೆ ನಿಂತಿರುತ್ತದೆ. ನಾನು ಅದನ್ನು ಅಳಿಸಿಬಿಡುತ್ತೇನೆ.

ಕಣ್ಣು ಇನ್ನೂ ಕಳ್ಳ. ಪತ್ರಿಕೆಯಲ್ಲಿ ನಾಲ್ಕೂ ಮನೆ ಒಟ್ಟಿಗೆ ಕಾಣುತ್ತವೆ. ಕೊನೆಯದರಲ್ಲಿ ನೌಕರ ಬಾಯಿ ಬಿಟ್ಟು, ಟೋಪಿ ಹಾರಿಸಿಕೊಂಡು ನಿಂತರೆ ಓದುಗ ಮೊದಲು ಅಲ್ಲಿಗೇ ಹೋಗುತ್ತಾನೆ. ಹಾಗಾಗಿ ಅಜ್ಜ ಹಾಗೇ ಇರಲಿ, ಕೆಟಲ್ ಹಾಗೇ ಇರಲಿ, ಮಾತು ಮಾತ್ರ ಬದಲಾಗಲಿ. ಫೋನಿನಲ್ಲಿ ಬೆರಳಿಂದ ಸರಿಸಿ ಓದುವವರಿಗೆ ಈ ಕಾಟವಿಲ್ಲ. ಮುಂದಿನ ಮನೆಗೆ ಬಾಗಿಲು ಹಾಕಿರುತ್ತದೆ.

ಜೋಡಿಸುವ ಕ್ರಮ ಕೆಟ್ಟರೂ ಕಷ್ಟ. 1950ರಲ್ಲಿ ಅಮೆರಿಕದಲ್ಲಿ ಶುರುವಾದ 'ಪೀನಟ್ಸ್' ಪಟ್ಟಿಗೆ ಮೊದಲೆಲ್ಲ ನಾಲ್ಕೂ ಮನೆ ಒಂದೇ ಅಳತೆ. ಪತ್ರಿಕೆಯವರು ಸಾಲಾಗಿ, ಕಂಬವಾಗಿ, ಚೌಕವಾಗಿ ಹೇಗೆ ಬೇಕಾದರೂ ಇಡಬಹುದಿತ್ತು. ಜಪಾನಿನ 'ಯೊಂಕೋಮಾ' ಅನ್ನುವ ಕಾಮಿಕ್ ಪಟ್ಟಿ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ನಾಲ್ಕು ಮನೆ, ತಿರುವು ಮೂರನೆಯದರಲ್ಲಿ.

ನನ್ನ ಇದೇ ಪಟ್ಟಿ ಒಮ್ಮೆ ಒಂದು ಪತ್ರಿಕೆಯಲ್ಲಿ ಮೂರೇ ಮನೆಯಾಗಿ ಬಂತು. ಜಾಗ ಸಾಲದೆ ಮಾತಿಲ್ಲದ ಮನೆಯನ್ನೇ ತೆಗೆದಿದ್ದರು. "ಅದು ಸುಮ್ನೆ ಖಾಲಿ ಇತ್ತಲ್ಲ ಸರ್" ಅಂದರು. ಅಂದಿನಿಂದ ಅಂಥ ಮನೆಯಲ್ಲಿ ಒಂದು ಕಾಗೆ ಬರೆಯುತ್ತೇನೆ. ಕೊಕ್ಕು ತೆರೆದು, ಬಿಸಿಲಿಗೆ ಬೆದರಿ ಕೂತಿರುತ್ತದೆ. ಕತೆಯಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಕತ್ತರಿ ಬೀಳದಂತೆ ಕಾಯುವುದಷ್ಟೇ.